ಅವಂಕ್ಯುಲರ್ ಎಂಬ ನನ್ನ ಪಾಂಡಿತ್ಯ

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನನಗೆ ಇಂಗ್ಲಿಷ್ ಬರುತ್ತದೆ ಎಂಬ ಭ್ರಮೆಯಿತ್ತು. ಭ್ರಮೆ ಎಂದು ಈಗ ಹೇಳುತ್ತಿದ್ದೇನೆ. ಆಗ ಯಾರಾದರೂ ಹಾಗೆಂದಿದ್ದರೆ ಅವರ ಜೊತೆ ಮಾತು ಬಿಡುತ್ತಿದ್ದೆ. ಮೂಡುಬಿದಿರೆಯ ಒಂದು ಹೈಸ್ಕೂಲಿಗೆ ಇಂಗ್ಲಿಷ್ ಮಾಸ್ಟ್ರಾಗಿ ಸೇರಿ ಅದು ನನಗೆ ಎರಡನೆಯ ವರ್ಷ. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ನನ್ನ ಬಾಯಲ್ಲಿ ಮಾತ್ರ ಬೇಕಿರಲಿ ಬೇಡವಿರಲಿ ಇಂಗ್ಲಿಷ್.

ಅಂಗೈಯಗಲದ ಒಂದು ಡಿಕ್ಷನರಿ ಯಾವಾಗಲೂ ನನ್ನ ಅಂಗಿಯ ಕಿಸೆಯಲ್ಲಿರುತ್ತಿತ್ತು. ಪ್ರತಿ ಸೋಮವಾರ ಅದರಿಂದ ಒಂದು ಅಪರೂಪದ ಶಬ್ದ ಹೆಕ್ಕಿ ಕರಿಹಲಗೆಯ ಬಲಮೂಲೆಯಲ್ಲಿ ಬಣ್ಣದ ಚಾಕಿನಿಂದ ಬರೆಯುತ್ತಿದ್ದೆ. ಶನಿವಾರದೊಳಗೆ ಅದನ್ನು ಎಲ್ಲಾದರೂ ಪ್ರಯೋಗಿಸದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಬಳಿಯ ಹೋಟೇಲಿನಲ್ಲಿ ಚಹಾ ಆರಿದ್ದರೆ ‘ಟೆಪಿಡ್’ ಎನ್ನುತ್ತಿದ್ದೆ. ಹೋಟೇಲಿನವರು ಅದನ್ನು ಹೊಗಳಿಕೆ ಎಂದುಕೊಂಡು ಅದೇ ಚಹಾವನ್ನು ಇನ್ನೂ ಅರ್ಧ ಗ್ಲಾಸು ಹೊಯ್ಯುತ್ತಿದ್ದರು, ನಾನು ಕುಡಿಯುತ್ತಿದ್ದೆ. ದೊಡ್ಡಮ್ಮನ ಮಗಳ ಮದುವೆಗೆ ರಜೆ ಕೇಳುವಾಗ ಮದುವೆಗೆ ಎಲ್ಲರಿಗೂ ಗೊತ್ತಿದ್ದ ಇಂಗ್ಲಿಷ್ ಶಬ್ದವನ್ನು ಬಿಟ್ಟು ‘ನಪ್ಶಿಯಲ್ಸ್’ ಎಂದು ಅರ್ಜಿಯಲ್ಲಿ ಬರೆದೆ. ರಜೆ ಮುಗಿಸಿ ಬಂದ ದಿನ ಶಾಲೆಯ ಗುಮಾಸ್ತರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಈಗ ಕಡಿಮೆ ಉಂಟಾ ಮಾಸ್ಟ್ರೇ? ಸೆಖೆಗೆ ಅಂಥದ್ದೆಲ್ಲ ಜಾಸ್ತಿ ಆಗ್ತದೆ. ದಿನಾ ಒಂದು ಬೊಂಡದ ನೀರು ಕುಡಿಯಿರಿ,” ಎಂದರು. ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ.

ನನ್ನ ಇಂಗ್ಲಿಷಿಗೆ ಕವಡೆ ಕಿಮ್ಮತ್ತೂ ಕೊಡದವರು ಆ ಶಾಲೆಯಲ್ಲಿ ಒಬ್ಬರಿದ್ದರು. ಡ್ರಿಲ್ ಮಾಸ್ಟ್ರು. ನಲವತ್ತು ದಾಟಿದ ಆಳು, ಮಿಲಿಟರಿಯಲ್ಲಿ ಹದಿನೈದು ವರ್ಷ ಇದ್ದು ಬಂದವರು. ಇಸ್ತ್ರಿ ಹಾಕಿದ ಖಾಕಿ ಚಡ್ಡಿ, ಕುತ್ತಿಗೆಯಲ್ಲಿ ಸೀಟಿ, ಕಂಕುಳಲ್ಲಿ ಒಂದು ಬೆತ್ತ. ನನ್ನ ಕ್ಲಾಸಿನ ಕಿಟಕಿಯ ಹೊರಗೇ ಅವರ ಮೈದಾನ. ನಾನು ಒಳಗೆ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಹೊರಗೆ ಅವರು ನಾಲ್ಕು ಸಲ ಸೀಟಿ ಊದುತ್ತಿದ್ದರು. ಹುಡುಗರಿಗೆ ಅವರ ನೆರಳು ಕಂಡರೂ ಹೆದರಿಕೆ. ನನ್ನನ್ನು ಕಂಡರೆ ಯಾರಿಗೂ ಹೆದರಿಕೆ ಇರಲಿಲ್ಲ; ಆ ಹೊಟ್ಟೆಕಿಚ್ಚೂ ನನ್ನಲ್ಲಿ ಸ್ವಲ್ಪ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಅವರ ಮೇಲೆ ನನ್ನ ಸಿಟ್ಟು ಗಟ್ಟಿಯಾದದ್ದು ಆ ವರ್ಷದ ವಾರ್ಷಿಕೋತ್ಸವದಲ್ಲಿ. ಸ್ವಾಗತ ಭಾಷಣ ನನ್ನದು, ಇಂಗ್ಲಿಷಿನಲ್ಲಿ. ಹದಿನೈದು ದಿನ ಕನ್ನಡಿಯ ಎದುರು ನಿಂತು ಬಾಯಿಪಾಠ ಮಾಡಿದ್ದೆ. ಭಾಷಣ ಅರ್ಧ ಗಂಟೆ ದಾಟಿ ಮುಖ್ಯ ಅತಿಥಿಗಳು ಎರಡನೆಯ ಸಲ ಆಕಳಿಸುತ್ತಿದ್ದಾಗ ಸಭೆಯ ಹಿಂದಿನಿಂದ ಡ್ರಿಲ್ ಮಾಸ್ಟ್ರ ದನಿ ಗುಂಡಿನಂತೆ ಬಂತು: “ಸ್ಟ್ಯಾಂಡ್ ಅಟ್ ಈಸ್!” ಅಭ್ಯಾಸಬಲ ನೋಡಿ, ನನ್ನ ಎರಡೂ ಕಾಲು ತಾವಾಗಿಯೇ ಅಗಲವಾದವು, ಕೈಗಳು ಬೆನ್ನ ಹಿಂದೆ ಹೋದವು. ಸಭೆಗೆ ಸಭೆಯೇ ನಕ್ಕಿತು. ಮುಖ್ಯ ಅತಿಥಿಗಳಿಗೂ ನಿದ್ದೆ ಬಿಟ್ಟುಹೋಯಿತು. ಈ ಮನುಷ್ಯನಿಗೆ ಒಂದಲ್ಲ ಒಂದು ದಿನ ಸರಿಯಾಗಿ ಮಾಡುತ್ತೇನೆ ಎಂದು ಅವತ್ತೇ ನಿಶ್ಚಯಿಸಿದೆ.

ಆ ದಿನ ಬೇಗನೆ ಬಂತು. ಒಂಬತ್ತನೆಯ ಕ್ಲಾಸಿನ ಒಬ್ಬ ಹುಡುಗ ಮೂರು ದಿನ ಬೆಳಗಿನ ಕವಾಯತಿಗೆ ತಪ್ಪಿಸಿಕೊಂಡಿದ್ದ. ಅವನ ತಂದೆಯದು ಬಂಟ್ವಾಳ ಪೇಟೆಯಲ್ಲಿ ಜೀನಸಿನ ಅಂಗಡಿ. ಹುಡುಗ ಮೂಡುಬಿದಿರೆಯಲ್ಲಿ ಅಜ್ಜಿಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದ. ನಾಲ್ಕನೆಯ ದಿನ ಮಧ್ಯಾಹ್ನ ಡ್ರಿಲ್ ಮಾಸ್ಟ್ರು ಅವನನ್ನು ಮೈದಾನದಲ್ಲಿ ನಿಲ್ಲಿಸಿ ಬೆತ್ತದಿಂದ ಕಾಲಿನ ಹಿಂದೆ ಹೊಡೆದರು. ಐದು ಏಟು. ನನ್ನ ಕಿಟಕಿಯಿಂದ ಅದು ನನಗೆ ಕಂಡಿತು. ಮರುದಿನ ಹುಡುಗನ ಕಾಲು ಬಾತುಕೊಂಡಿತ್ತು. ತಂದೆ ಬಂದು ಅವನನ್ನು ಬಂಟ್ವಾಳಕ್ಕೆ ಕರೆದುಕೊಂಡು ಹೋದರು, ಆ ವಾರವೇ ಮಂಗಳೂರಿನ ಶಿಕ್ಷಣ ಕಚೇರಿಗೆ ದೂರು ಬರೆದರು.

ಇನ್‌ಸ್ಪೆಕ್ಟರು ವಿಚಾರಣೆಗೆ ಬರುತ್ತಾರೆಂಬ ಕಾಗದ ಬಂದ ಕೂಡಲೇ ಹೆಡ್ ಮಾಸ್ಟ್ರಿಗೆ ಹೆದರಿಕೆ ಹತ್ತಿತು. ಅವರು ಡ್ರಿಲ್ ಮಾಸ್ಟ್ರನ್ನು ಕರೆದು, ಹೊಡೆದೆ ಅಂತ ಹೇಳಲೇಬೇಡಿ, ಓಡುವಾಗ ಹುಡುಗನೇ ಬಿದ್ದ ಅಂತ ಹೇಳಿ, ಶಾಲೆಯ ಮರ್ಯಾದೆಯ ಪ್ರಶ್ನೆ ಎಂದರು. ಡ್ರಿಲ್ ಮಾಸ್ಟ್ರು ತಲೆ ತಗ್ಗಿಸಿ ಹೂಂ ಎಂದರಂತೆ. ಕೆಲಸ ಹೋದರೆ ಮನೆಯಲ್ಲಿ ಹೆಂಡತಿ, ನಾಲ್ಕು ಮಕ್ಕಳು. ಆಮೇಲೆ ಹೆಡ್ ಮಾಸ್ಟ್ರು ನನ್ನನ್ನು ಕರೆದರು.

“ಮಾಸ್ಟ್ರುಗಳಲ್ಲಿ ಅದನ್ನು ಕಿಟಕಿಯಿಂದ ನೋಡಿದವರು ನೀವೊಬ್ಬರೇ ಅಂತೆ. ಎರಡು ಗೆರೆ ಹೇಳಿಕೆ ಬರೆದು ಕೊಡಿ. ಕನ್ನಡದಲ್ಲೇ ಬರೆಯಿರಿ, ಸಾಕು. ಮಂಡೆ ಖರ್ಚು ಮಾಡಿ ಬರೀರಿ ಮಾರಾಯ್ರೆ, ಒಬ್ಬನ ಅನ್ನದ ಪ್ರಶ್ನೆ.”

“ಸರಕಾರಿ ವಿಚಾರಣೆ ಸಾರ್, ಇಂಗ್ಲಿಷಿನಲ್ಲೇ ಇರಬೇಕು,” ಎಂದೆ. ಇರಬೇಕೆಂದು ಯಾವ ಕಾನೂನೂ ಇರಲಿಲ್ಲ.

ಈಗ ನನ್ನ ಕಷ್ಟ ನೋಡಿ. ನಡೆದದ್ದನ್ನು ಸುಳ್ಳು ಎನ್ನಲು ಮನಸ್ಸಿಲ್ಲ. ಡ್ರಿಲ್ ಮಾಸ್ಟ್ರಿಗೆ ಮಾಡಬೇಕಾದ್ದು ಮಾಡುವ ಆಸೆಯೂ ಇದೆ. ಆದರೆ ‘ಇವರು ಹೊಡೆದದ್ದು ನಾನು ನೋಡಿದ್ದೇನೆ’ ಎಂದು ಬರೆದುಕೊಟ್ಟು ಮರುದಿನ ಅದೇ ಸ್ಟಾಫ್ ರೂಮಿನಲ್ಲಿ ಅವರ ಎದುರಿನ ಕುರ್ಚಿಯಲ್ಲಿ ಕೂರುವ ಧೈರ್ಯ ನನಗೆ ಎಲ್ಲಿಂದ ಬರಬೇಕು? ಅವರ ತೋಳು ನನ್ನ ತೊಡೆಯಷ್ಟು ದಪ್ಪ ಇತ್ತು. ಹಾಗಾಗಿ ನಾನೊಂದು ಉಪಾಯ ಹುಡುಕಿದೆ. ಇನ್‌ಸ್ಪೆಕ್ಟರಿಗೆ ಮಾತ್ರ ಅರ್ಥವಾಗಬೇಕು, ಡ್ರಿಲ್ ಮಾಸ್ಟ್ರಿಗೂ ಹೆಡ್ ಮಾಸ್ಟ್ರಿಗೂ ಅರ್ಥವಾಗಬಾರದು, ಅಂಥ ಒಂದು ಇಂಗ್ಲಿಷ್ ಶಬ್ದದಲ್ಲಿ ಇಡೀ ಸತ್ಯವನ್ನು ಕಟ್ಟಿಡುವುದು. ಹೇಡಿಗೆ ವಿದ್ಯೆ ಬಂದರೆ ಹೀಗೆಲ್ಲ ಹೊಳೆಯುತ್ತದೆ.

ಡಿಕ್ಷನರಿಯಲ್ಲಿ ಎ ಅಕ್ಷರವನ್ನೇ ದಾಟಬೇಕಾಗಲಿಲ್ಲ. ‘ಅವಂಕ್ಯುಲರ್’. ಅದರ ಎದುರು ಒಂದೇ ಗೆರೆಯ ಅರ್ಥ: ಅಂಕಲ್‌ಗೆ ಸಂಬಂಧಪಟ್ಟ, ಅಂಕಲ್‌ನಂಥ. ಓದಿದ ಕೂಡಲೇ ಕುಳಿತಲ್ಲೇ ನನ್ನ ಬೆನ್ನು ನೆಟ್ಟಗಾಯಿತು.

ಯಾಕೆಂದು ಹೇಳಬೇಕು. ಮುಂಡಾಜೆಯ ಕಡೆಯ ನಮ್ಮ ಮನೆ ಅಳಿಯಸಂತಾನದ್ದು. ಆಸ್ತಿಯೂ ಅಧಿಕಾರವೂ ತಂದೆಯಿಂದ ಮಗನಿಗಲ್ಲ, ಸೋದರಮಾವನಿಂದ ಅಳಿಯನಿಗೆ ಬರುವ ಕ್ರಮ. ಕಾನೂನು ಆಗಲೇ ಬದಲಾಗುತ್ತಿತ್ತು, ಮನೆಯೊಳಗೆ ಏನೂ ಬದಲಾಗಿರಲಿಲ್ಲ. ನಮ್ಮ ಮನೆಯ ಯಜಮಾನರು ಅಮ್ಮನ ಅಣ್ಣ, ತುಳುವಿನಲ್ಲಿ ತಮ್ಮಲೆ. ಅವರು ಚಾವಡಿಯಲ್ಲಿ ಕುಳಿತಿದ್ದರೆ ನಾವು ಮಕ್ಕಳು ಅಂಗಳ ದಾಟುವುದಕ್ಕೂ ಮನೆಯ ಹಿಂದಿನಿಂದ ಸುತ್ತುಹಾಕಿ ಹೋಗುತ್ತಿದ್ದೆವು. ಹತ್ತು ವರ್ಷದವನಿದ್ದಾಗ ಅವರ ಎದುರು ಮರೆತು ಕಾಲ ಮೇಲೆ ಕಾಲು ಹಾಕಿ ಕೂತದ್ದಕ್ಕೆ ಬಿದ್ದ ಏಟು ನನ್ನ ತೊಡೆಗೆ ಇನ್ನೂ ನೆನಪಿದೆ. ಅಪ್ಪ ಎಂದರೆ ಬೆಳ್ತಂಗಡಿಯಿಂದ ತಿಂಗಳಿಗೊಮ್ಮೆ ಬರುವ ನೆಂಟ. ಕಿಸೆಯಲ್ಲಿ ನಮಗೆ ಪೆಪ್ಪರಮಿಂಟು ತರುತ್ತಿದ್ದರು, ಚಾವಡಿಯ ತುದಿಯಲ್ಲಿ ಮೆಲ್ಲಗೆ ಕೂರುತ್ತಿದ್ದರು, ಯಾರನ್ನೂ ಗದರಿದವರಲ್ಲ. ಗದರುವ ಹಕ್ಕು ಅವರಿಗೆ ಇರಲೂ ಇಲ್ಲ.

ಆದರೂ ನಾನು ಪಂಡಿತನಲ್ಲವೇ, ಪರೀಕ್ಷಿಸದೆ ಬಿಡುತ್ತೇನೆಯೇ? ಇಂಗ್ಲಿಷಿನ ಅಂಕಲ್ ದೊಡ್ಡಪ್ಪನೂ ಆಗಬಹುದು, ಚಿಕ್ಕಪ್ಪನೂ ಆಗಬಹುದು. ಶಬ್ದದ ಮೂಲ ನೋಡಬೇಕು. ಆ ಶನಿವಾರ ಮನೆಗೆ ಹೋಗುವ ದಾರಿಯಲ್ಲಿ ಬೆಳ್ತಂಗಡಿಯ ಕಡೆಯ ಒಂದು ಇಗರ್ಜಿಯಲ್ಲಿ ಇಳಿದೆ. ಅಲ್ಲಿನ ಮುದಿ ಪಾದ್ರಿಗಳಿಗೆ ಲ್ಯಾಟಿನ್ ಚೆನ್ನಾಗಿ ಬರುತ್ತಿತ್ತು. ಅವರು ತೋಟದಲ್ಲಿ ಬಸಳೆಯ ಬಳ್ಳಿ ಚಪ್ಪರಕ್ಕೆ ಹಬ್ಬಿಸುತ್ತಾ ನಿಂತಿದ್ದರು.

“ಅವುಂಕುಲುಸ್ ಅಂತ ಲ್ಯಾಟಿನ್ ಶಬ್ದ,” ಎಂದರು. “ತಾಯಿಯ ಅಣ್ಣ ಅಥವಾ ತಮ್ಮ. ಅಜ್ಜನಿಗೆ ಅವುಸ್ ಅಂತ ಹೇಳ್ತಾರೆ, ಅದರಿಂದ ಹುಟ್ಟಿದ್ದು. ಪುಟ್ಟಜ್ಜ ಅಂದ ಹಾಗೆ. ಇಂಗ್ಲಿಷಿನ ಅಂಕಲ್ ಕೂಡ ಅದೇ ಶಬ್ದ ಸವೆದು ಸವೆದು ಆದದ್ದು.”

“ತಾಯಿಯ ಕಡೆಯವನು ಮಾತ್ರವಾ ಫಾದರ್?”

“ಹೌದು. ತಂದೆಯ ಕಡೆಯವನಿಗೆ ಬೇರೆ ಶಬ್ದ ಉಂಟು. ರೋಮಿನವರಲ್ಲಿ ಈ ಇಬ್ಬರಿಗೂ ಎಂಥ ವ್ಯತ್ಯಾಸ ಅಂದರೆ...”

ವ್ಯತ್ಯಾಸ ಯಾರಿಗೆ ಬೇಕಿತ್ತು! ತಾಯಿಯ ಅಣ್ಣ! ರೋಮಿನವರಿಗೂ ತಮ್ಮಲೆ ಇದ್ದರು! ನನ್ನ ಕಣ್ಣೆದುರು ಬಿಳಿ ಬಟ್ಟೆ ಸುತ್ತಿಕೊಂಡ ಒಬ್ಬ ರೋಮನ್ ಯಜಮಾನ ನಮ್ಮ ಚಾವಡಿಯಲ್ಲೇ ವೀಳ್ಯ ಹಾಕುತ್ತಾ ಕುಳಿತ. ಬಸ್ಸು ತಪ್ಪುತ್ತದೆ ಫಾದರ್ ಎಂದು ಅಲ್ಲಿಂದ ಓಡಿಯೇ ಬಿಟ್ಟೆ. ಆ ಹೊತ್ತಿಗೆ ಯಾವ ಬಸ್ಸೂ ಇರಲಿಲ್ಲ. ರಸ್ತೆಯಲ್ಲಿ ಒಂದು ಗಂಟೆ ನಿಂತೆ.

ನನ್ನ ಹೇಳಿಕೆಯ ಮುಖ್ಯ ವಾಕ್ಯದ ಅರ್ಥ ಇಷ್ಟು: ವಿದ್ಯಾರ್ಥಿಗಳೊಂದಿಗೆ ಈ ಶಿಕ್ಷಕರ ವರ್ತನೆ ಎಲ್ಲ ದಿನಗಳಂತೆ ಆ ದಿನವೂ ಅವಂಕ್ಯುಲರ್ ಆಗಿತ್ತು. ಏಟಿನ ಹೆಸರಿಲ್ಲ, ಬೆತ್ತದ ಹೆಸರಿಲ್ಲ, ಕಾಲಿನ ಹೆಸರಿಲ್ಲ. ಎಲ್ಲವೂ ಆ ಒಂದು ಶಬ್ದದೊಳಗೆ. ಹೆಡ್ ಮಾಸ್ಟ್ರು ಓದುತ್ತಾ ಬಂದು ಅಲ್ಲಿ ನಿಂತರು, ಕನ್ನಡಕ ಸರಿಮಾಡಿಕೊಂಡರು. ಅರ್ಥ ಕೇಳಿದರೆ ಮರ್ಯಾದೆ ಹೋಗುತ್ತದಲ್ಲ. “ಒಳ್ಳೆಯ ಶಬ್ದ,” ಎಂದು ಕಾಗದ ಮಡಚಿ ಕೊಟ್ಟರು.

ಇನ್‌ಸ್ಪೆಕ್ಟರು ಮೈಸೂರು ಕಡೆಯವರು, ವರ್ಗವಾಗಿ ಬಂದು ಆರು ತಿಂಗಳೂ ಆಗಿರಲಿಲ್ಲ. ದುಂಡು ಮುಖ, ಹಣೆಯಲ್ಲಿ ಗಂಧ. ಬಾಗಿಲು ಹಾಕಿಸಿ ನನ್ನನ್ನೊಬ್ಬನನ್ನೇ ಕೂರಿಸಿಕೊಂಡು ಹೇಳಿಕೆ ಓದಿದರು. ಶಬ್ದದ ಹತ್ತಿರ ಅವರೂ ನಿಂತರು.

“ಅಂದ್ರೆ, ಸೋದರಮಾವನ ಥರಾ ಅಂತೀರಿ?”

ಓಹ್, ಗೊತ್ತಾಯಿತು ಇವರಿಗೆ! “ಹೌದು ಸಾರ್. ಖಂಡಿತವಾಗಿ ಸೋದರಮಾವನ ಹಾಗೆಯೇ.”

“ಮಕ್ಕಳ ಜೊತೆ ಯಾವಾಗ್ಲೂ ಹಾಗೇನಾ?”

“ಯಾವಾಗಲೂ ಸಾರ್. ಒಂದು ದಿನವೂ ತಪ್ಪಿದ್ದಿಲ್ಲ.”

“ನೀವು ಕಣ್ಣಾರೆ ನೋಡಿದೀರಿ?”

“ಎಷ್ಟೋ ಸಲ ಸಾರ್. ನೋಡುವಾಗ ನನಗೆ ನನ್ನ ಸ್ವಂತ ಸೋದರಮಾವನ ನೆನಪು ಬರ್ತದೆ.” ಇದನ್ನು ಹೇಳುವಾಗ ಆ ಹಳೆಯ ಏಟು ನೆನಪಾಗಿ ನನ್ನ ಕಣ್ಣು ನಿಜವಾಗಿಯೂ ತುಂಬಿತು.

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಮೃದುವಾಗಿ ನಕ್ಕು, “ಆಯ್ತು, ಇಷ್ಟು ಸಾಕು ಕಣ್ರೀ. ಮನಸ್ಸು ಬಿಚ್ಚಿ ಹೇಳಿದೀರಿ,” ಎಂದರು. ಕಳ್ಳನನ್ನು ಹಿಡಿದ ಪೊಲೀಸಿನ ನಗು ಅದು ಎಂದು ನಾನು ತಿಳಿದೆ. ಆ ಸಂಜೆ ಹೋಟೇಲಿನಲ್ಲಿ ಎರಡು ಗೋಳಿಬಜೆ ಹೆಚ್ಚಿಗೆ ತಿಂದೆ.

ಮೂರು ವಾರ ಕಳೆದು ಆದೇಶ ಬಂತು. ಹೆಡ್ ಮಾಸ್ಟ್ರು ಅದನ್ನು ಸ್ಟಾಫ್ ರೂಮಿಗೆ ತಂದು ಎಲ್ಲರೆದುರು ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದರು. ದೂರಿನಲ್ಲಿ ಹುರುಳಿಲ್ಲ. ಕಣ್ಣಾರೆ ಕಂಡ ಸಹೋದ್ಯೋಗಿಯೊಬ್ಬರು ಭಾವುಕರಾಗಿ ಸಾಕ್ಷಿ ಹೇಳಿದಂತೆ, ಈ ಶಿಕ್ಷಕರು ಮಕ್ಕಳನ್ನು ಸೋದರಮಾವನ ಮಮತೆಯಿಂದ ನೋಡಿಕೊಳ್ಳುವವರು. ಸುಳ್ಳು ಹೇಳಿದ ವಿದ್ಯಾರ್ಥಿಯಿಂದ ಶಾಲೆಯ ಎದುರು ಕ್ಷಮೆ ಕೇಳಿಸಿ ಎಚ್ಚರಿಕೆ ಕೊಡಬೇಕು.

ಮಮತೆ! ಸೋದರಮಾವನ ಮಮತೆ! ನನ್ನ ಕಿವಿಯನ್ನು ನಾನು ನಂಬಲಿಲ್ಲ. ಹೆಡ್ ಮಾಸ್ಟ್ರು ನನ್ನ ಬೆನ್ನು ತಟ್ಟಿ, “ನಿಮ್ಮ ಇಂಗ್ಲಿಷ್ ಪೊಕ್ಕಡೆ, ಬರೀ ದಂಡ ಅಂತ ತಿಳಿದಿದ್ದೆ, ಒಂದು ಸಂಸಾರ ಉಳಿಸಿತು ಮಾರಾಯ್ರೆ,” ಎಂದರು. ಎಲ್ಲರೂ ಡ್ರಿಲ್ ಮಾಸ್ಟ್ರ ಕೈ ಕುಲುಕಿದರು. ಅವರೊಬ್ಬರು ನಗಲಿಲ್ಲ. ಕೈ ಕುಲುಕುತ್ತಿದ್ದವರ ಭುಜದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು. ನಾನು ಶೌಚದ ನೆಪ ಹೇಳಿ ಹೊರಗೆ ಹೋದೆ, ಗಂಟೆ ಹೊಡೆಯುವವರೆಗೆ ಅಲ್ಲೇ ಇದ್ದೆ.

ಆ ಶನಿವಾರ ಮತ್ತೆ ಇಗರ್ಜಿಗೆ ಓಡಿದೆ. ಪಾದ್ರಿಗಳು ಪೂರ್ತಿ ಕೇಳಿ ಕೈಯಲ್ಲಿದ್ದ ನೀರಿನ ಡಬ್ಬವನ್ನು ಕೆಳಗಿಟ್ಟರು.

“ಅವತ್ತು ನೀವು ಅರ್ಧಕ್ಕೆ ಓಡಿದಿರಲ್ಲ. ನಾನು ಹೇಳ್ಲಿಕ್ಕೆ ಹೊರಟದ್ದು ಅದನ್ನೇ. ರೋಮಿನವರ ಮನೆಯಲ್ಲಿ ಅಧಿಕಾರ ತಂದೆಯ ಕಡೆಗೆ. ಬೈಯುವವನು, ಶಿಕ್ಷೆ ಕೊಡುವವನು ತಂದೆಯ ಅಣ್ಣತಮ್ಮ. ತಾಯಿಯ ಅಣ್ಣನಿಗೆ ಅಧಿಕಾರ ಇಲ್ಲ, ಹಾಗಾಗಿ ಅವನಿಗೆ ಮುದ್ದು ಮಾಡುವುದೇ ಕೆಲಸ. ಅವಂಕ್ಯುಲರ್ ಅಂದರೆ ಪ್ರೀತಿಯವನು, ತಾಳ್ಮೆಯವನು ಅಂತ ಇಂಗ್ಲಿಷಿನಲ್ಲಿ ಬಂದದ್ದು ಹಾಗೆ. ಘಟ್ಟದ ಮೇಲೆಯೂ ಹಾಗೇ ಅಲ್ಲವಾ, ಸೋದರಮಾವ ಅಂದರೆ ಮಕ್ಕಳಿಗೆ ಜೀವ. ನಿಮ್ಮಲ್ಲಿ ಮಾತ್ರ ಎಲ್ಲ ತಿರುಗಾಮುರುಗಾ.”

ಅವರು ನಗಬಹುದಿತ್ತು, ನಗಲಿಲ್ಲ. ನಕ್ಕಿದ್ದರೆ ನನಗೆ ಒಳ್ಳೆಯದಿತ್ತು. ಆ ದಿನ ಮುಂಡಾಜೆಗೆ ಹೋಗುವ ಮನಸ್ಸಾಗದೆ ಮೂಡುಬಿದಿರೆಯ ನನ್ನ ಬಾಡಿಗೆ ಕೋಣೆಗೇ ಮರಳಿದೆ.

ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ತೆರೆದರೆ ಡ್ರಿಲ್ ಮಾಸ್ಟ್ರು. ಬಿಳಿ ಪಂಚೆ, ಬಿಳಿ ಅಂಗಿ. ಅವರನ್ನು ಸೀಟಿ ಬೆತ್ತಗಳಿಲ್ಲದೆ ನೋಡಿದ್ದು ನಾನು ಅದೇ ಮೊದಲು. ಕಿಟಕಿಯಿಂದ ಹಾರಿ ಓಡೋಣವೆಂದರೆ ಅದಕ್ಕೆ ಸರಳುಗಳಿದ್ದವು.

ಅವರು ಬೆಂಚಿನ ಮೇಲೆ ಕುಳಿತು ತುಳುವಿನಲ್ಲಿ ಕೇಳಿದರು: “ನಿಮ್ಮ ಮನೆಯೂ ಅಳಿಯಸಂತಾನದ್ದೇ ಅಲ್ಲವಾ ಮಾಸ್ಟ್ರೇ?”

“ಹೌದು.”

“ಹಾಗಾದರೆ ನೀವು ನನ್ನನ್ನು ಹೊಗಳಿದ್ದಲ್ಲ.”

ಇಡೀ ಜಿಲ್ಲೆಯಲ್ಲಿ ನನ್ನ ಶಬ್ದವನ್ನು ನಾನು ಬರೆದ ಅರ್ಥದಲ್ಲೇ ಓದಿದವರು ಅವರೊಬ್ಬರೇ. ಯಾರಿಗೆ ಅರ್ಥವಾಗಬಾರದೆಂದು ಅಷ್ಟೆಲ್ಲ ತಲೆ ಕೆಡಿಸಿಕೊಂಡಿದ್ದೆನೋ ಅವರಿಗೇ. ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

“ನೀವು ಬರೆದದ್ದು ಸರಿಯೇ. ನನ್ನ ತಮ್ಮಲೆ ನನ್ನನ್ನು ತೆಂಗಿನ ಮರಕ್ಕೆ ಕಟ್ಟಿ ಹೊಡೆದವರು. ಹದಿನೇಳಕ್ಕೆ ಮನೆಯಿಂದ ಓಡಿ ಮಿಲಿಟರಿ ಸೇರಿದೆ. ಅವರ ಹಾಗೆ ಒಂದು ದಿನವೂ ಆಗಬಾರದು ಅಂತಲೇ ಓಡಿದ್ದು. ಹೆಡ್ ಮಾಸ್ಟ್ರು ಆ ಕಾಗದ ಓದುವಾಗ ಸೋದರಮಾವ ಅಂದರಲ್ಲ, ನನಗೆ ಆ ತೆಂಗಿನ ಮರವೇ ಕಂಡಿತು. ನನಗೆ ಗೊತ್ತೇ ಇರಲಿಲ್ಲ ಮಾಸ್ಟ್ರೇ. ನಾನು ಶಿಸ್ತು ಕಲಿಸ್ತಿದ್ದೇನೆ ಅಂತ ತಿಳಿದಿದ್ದೆ.”

ಅವರ ಕಣ್ಣು ಒದ್ದೆಯಾಗಿತ್ತು. ಅಷ್ಟು ದೊಡ್ಡ ಮನುಷ್ಯ ನನ್ನ ಮುರುಕು ಬೆಂಚಿನ ಮೇಲೆ ಕುಳಿತು ಹೀಗೆ ಹೇಳುವುದನ್ನು ಕೇಳುವಾಗ ನನಗೆ ನಾಚಿಕೆಯಿಂದ ಸಾಯುವಂತಾಯಿತು.

“ನಾನು ಉಳಿದೆ,” ಎಂದರು. “ಆದರೆ ನಿಜ ಹೇಳಿದ ಹುಡುಗ ಸುಳ್ಳುಗಾರ ಆದ. ನಾನು ಸುಳ್ಳು ಹೇಳಿದೆ, ನೀವು ಇಂಗ್ಲಿಷ್ ಹೇಳಿದಿರಿ. ನಾಳೆ ಅಸೆಂಬ್ಲಿಯಲ್ಲಿ ಅವನನ್ನು ನಿಲ್ಲಿಸಿ ಕ್ಷಮೆ ಕೇಳಿಸ್ತಾರೆ. ಇಲ್ಲದಿದ್ದರೆ ಶಾಲೆಗೆ ಬರುವುದು ಬೇಡ ಅಂತ ಅವನ ತಂದೆಗೆ ಹೇಳಿಕಳಿಸಿದ್ದಾರೆ. ಏಳಿ, ಹೋಗುವ.”

“ಎಲ್ಲಿಗೆ?”

“ಬಂಟ್ವಾಳಕ್ಕೆ. ನೀವು ಕಂಡದ್ದನ್ನು ಅವನ ತಂದೆಯ ಎದುರು ಹೇಳಬೇಕು. ನಾನೊಬ್ಬನೇ ಹೇಳಿದರೆ ಸಾಕಾಗ್ಲಿಕ್ಕಿಲ್ಲ, ಸಾಕ್ಷಿ ನೀವು.”

“ನಿಮ್ಮ ಕೆಲಸ?”

“ಅದನ್ನು ಕೇಳ್ಬೇಡಿ. ಕೇಳಿದರೆ ನನಗೆ ಧೈರ್ಯ ಹೋಗ್ತದೆ.”

ಬಸ್ಸಿನಲ್ಲಿ ಅಕ್ಕಪಕ್ಕದಲ್ಲೇ ಕುಳಿತೆವು. ಅವರು ಅಂಗಿಯ ಕಿಸೆಯಲ್ಲಿದ್ದ ಒಂದು ಕಾಗದವನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಾನೋ, ನನ್ನ ಹುಟ್ಟುಗುಣ ಬಿಡಬೇಕಲ್ಲ, ಅಂಗಡಿಯಲ್ಲಿ ಹೇಳಬೇಕಾದ ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ‘ಸನ್ನಿವೇಶದ ಒತ್ತಡ’ ಎಂದು ಒಮ್ಮೆ, ‘ಅಭಿಪ್ರಾಯದ ವ್ಯತ್ಯಾಸ’ ಎಂದು ಒಮ್ಮೆ. ಬಂಟ್ವಾಳ ಬರುವಷ್ಟರಲ್ಲಿ ಒಂದು ಒಳ್ಳೆಯ ಭಾಷಣ ತಯಾರಾಗಿತ್ತು. ಅದರಲ್ಲಿ ನನ್ನ ತಪ್ಪು ಎಲ್ಲಿಯೂ ಇರಲಿಲ್ಲ.

ಹುಡುಗನ ತಂದೆ ಬ್ಯಾರಿ ಸಾಹುಕಾರರು, ತೆಳ್ಳಗಿನ ಮನುಷ್ಯ, ತಲೆಗೆ ಬಿಳಿ ಟೊಪ್ಪಿ. ಅಂಗಡಿಯಲ್ಲಿ ಬೆಲ್ಲದ ಅಚ್ಚುಗಳನ್ನು ಬಿಡಿಸಿಡುತ್ತಿದ್ದರು. ನಮ್ಮನ್ನು ಕಂಡು ಅವರ ಮುಖ ಗಟ್ಟಿಯಾಯಿತು. ಆದರೂ ಬಾಗಿಲಿಗೆ ಬಂದ ಮಾಸ್ಟ್ರುಗಳೆಂದು ಎದ್ದು ನಿಂತರು, ಎರಡು ಸ್ಟೂಲು ಸರಿಸಿದರು.

“ಕ್ಷಮೆ ಕೇಳಿಸ್ಲಿಕ್ಕೆ ಇಲ್ಲಿಯವರೆಗೆ ಬರ್ಬೇಕಿತ್ತಾ ಮಾಸ್ಟ್ರೇ? ನನ್ನ ಮಗ ಕ್ಷಮೆ ಕೇಳುವುದಿಲ್ಲ. ಅವನು ಮನೆಯಲ್ಲಿ ಒಂದೇ ಮಾತು ಹೇಳ್ತಾನೆ, ನಾನು ಬಿದ್ದದ್ದಲ್ಲ ಅಂತ. ಆಫೀಸಿನವರು ಸುಳ್ಳು ಅಂತ ಬರೆದರು. ಈಗ ನನಗೇ ಗೊತ್ತಿಲ್ಲ ನಾನು ಯಾರನ್ನು ನಂಬಬೇಕು ಅಂತ. ಅವನು ನನ್ನ ಹತ್ತಿರ ಮಾತು ಬಿಟ್ಟು ಮೂರು ದಿನ ಆಯಿತು.”

ಡ್ರಿಲ್ ಮಾಸ್ಟ್ರು ಕೂರಲಿಲ್ಲ. ಅಂಗಡಿಯ ಎದುರು ಸೆಟೆದು ನಿಂತೇ, ಮಿಲಿಟರಿಯಲ್ಲಿ ವರದಿ ಒಪ್ಪಿಸುವವರಂತೆ ಹೇಳಿದರು: “ನಿಮ್ಮ ಮಗ ಬಿದ್ದದ್ದಲ್ಲ ಸಾಹುಕಾರ್ರೇ. ನಾನು ಹೊಡೆದದ್ದು. ವಿಚಾರಣೆಯಲ್ಲಿ ಸುಳ್ಳು ಹೇಳಿದ್ದೂ ನಾನೇ. ಬರೆದು ತಂದಿದ್ದೇನೆ.” ಕಿಸೆಯ ಕಾಗದ ತೆಗೆದು ಹಲಗೆಯ ಮೇಲಿಟ್ಟರು. ಹೆಡ್ ಮಾಸ್ಟ್ರಿಗೆ ಬರೆದ ತಪ್ಪೊಪ್ಪಿಗೆ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ನಾಲ್ಕೇ ಗೆರೆ. ಮರುದಿನ ಅಸೆಂಬ್ಲಿಯಲ್ಲಿ ಅದನ್ನು ಅವರೇ ಓದಿದರು, ಹುಡುಗನ ಹೆಸರು ಹಿಡಿದು ಅವನ ಕ್ಷಮೆ ಕೇಳಿದರು. ಅವರ ಒಂದು ವರ್ಷದ ಸಂಬಳದ ಬಡ್ತಿ ನಿಂತಿತು, ಕೆಲಸ ಹೋಗಲಿಲ್ಲ. ಆಮೇಲೆ ನಾನು ಆ ಶಾಲೆಯಲ್ಲಿದ್ದ ಆರು ವರ್ಷ ಅವರು ಬೆತ್ತ ಹಿಡಿಯಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು ಮೈದಾನ ಸುತ್ತುತ್ತಿದ್ದರು. ಇದೆಲ್ಲ ಆಮೇಲಿನ ಮಾತು.

ಅಂಗಡಿಯಲ್ಲಿ ಸಾಹುಕಾರರು ಆ ಕಾಗದವನ್ನು ಎರಡು ಸಲ ಓದಿದರು. ಅದನ್ನು ಮಡಚಿ ಮರಳಿ ಕೊಟ್ಟರು. ಡ್ರಿಲ್ ಮಾಸ್ಟ್ರಿಗೆ ಕೂರಿ ಎಂದು ಕೈಸನ್ನೆ ಮಾಡಿದರು, ಅಷ್ಟೆ. ಆಮೇಲೆ ನನ್ನ ಕಡೆ ತಿರುಗಿದರು.

“ಆಫೀಸಿನ ಕಾಗದದಲ್ಲಿ ನೋಡಿದವರು ಅಂತ ಬರೆದದ್ದು ನೀವಾ?”

“ಹೌದು.”

“ಎಂತ ನೋಡಿದ್ದು?”

ಬಸ್ಸಿನಲ್ಲಿ ಜೋಡಿಸಿದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. “ಐದು ಏಟು ಹೊಡೆದದ್ದು. ಕಾಲಿನ ಹಿಂದೆ. ನಿಮ್ಮ ಮಗ ಹೇಳಿದ್ದು ನಿಜ,” ಎಂದೆ. ಇಷ್ಟೇ ಇತ್ತು ವಿಷಯ. ಹೇಳಲು ಉಸಿರು ಹಿಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

“ಎಲ್ಲಿಂದ ನೋಡಿದ್ದು?”

“ನನ್ನ ಕ್ಲಾಸಿನ ಕಿಟಕಿಯಿಂದ.”

“ತುಂಬ ದೂರ ಉಂಟಾ?”

“ಇಲ್ಲ. ಹತ್ತು ಹೆಜ್ಜೆ ಇರಬಹುದು.”

“ಒಂದನೇ ಏಟಿನಿಂದ ನೋಡಿದ್ದಾ?”

“ಹೌದು. ಐದನೆಯದ್ದರವರೆಗೆ.”

ಸಾಹುಕಾರರ ದನಿಯಲ್ಲಿ ಸಿಟ್ಟು ಇರಲಿಲ್ಲ. ತಿಳಿಯಬೇಕೆಂದು ಕೇಳುವವರಂತೆ ಕೇಳಿದರು: “ಮತ್ತೆ ನೀವು ಎಂತ ಮಾಡಿದ್ದು ಮಾಸ್ಟ್ರೇ?”

ಡ್ರಿಲ್ ಮಾಸ್ಟ್ರೂ ತಲೆ ಎತ್ತಿ ನನ್ನನ್ನು ನೋಡಿದರು.

“ಅವನ ಅಳು ಕೇಳದ ಹಾಗೆ ಕಿಟಕಿ ಮುಚ್ಚಿದೆ,” ಎಂದೆ. “ಪಾಠ ಮುಂದುವರಿಸಿದೆ.”